ಗೋಡೆಯ ಹೊಟ್ಟೆ

ಡ್ರಮ್‌ಹಾರ್ಲಾದ ಈ ಗೋಡೆಗೆ ಹೊಟ್ಟೆಯಿದೆಯೆಂದು
ನನಗೆ ಗೊತ್ತಾದದ್ದು ಒಂದು ಇಟ್ಟಿಗೆ ಜಾರಿ
ಮೊಳಕೈವರೆಗೂ ಮಸಿ ಹತ್ತಿದಾಗ.

ಸ್ಕಾಟ್ಲೆಂಡಿನ ಚಳಿಗೆ ಪೀಚ್ ಹಣ್ಣಾಗುವುದಿಲ್ಲ.
ದೊರೆಸಾನಿಗೆ ಆಗಸ್ಟಿನಲ್ಲಿ ಪೀಚ್ ಬೇಕಿತ್ತು.
ಅದಕ್ಕೇ ಗೋಡೆಯೊಳಗೆ ಕರುಳಿನಂತೆ ಸುತ್ತಿದ ಹೊಗೆದಾರಿ,
ಹಿಂದುಗಡೆ ಒಲೆ,
ಒಲೆಗೊಬ್ಬ ಹುಡುಗ.
ತೆಂಕಣ ಮೈಗೆ ಬೆಣ್ಣೆ, ಬಡಗಣ ಮೈಗೆ ಸುಣ್ಣ:
ಅತ್ತ ಬೆಚ್ಚಗೆ ಹೂವು,
ಇತ್ತ ವಾಟಿ ಗೆಡ್ಡೀಸ್, ಹನ್ನೆರಡು ವರ್ಷ,
ಮುಖಕ್ಕೆ ಕಲ್ಲಿದ್ದಲ ಬೆಂಕಿ, ಬೆನ್ನಿಗೆ ಹಿಮ.

ಹಿರಿಯ ಮಾಲಿಯ ಲೆಕ್ಕದ ಪುಸ್ತಕವನ್ನು
ಎಫಿ ರಟ್ರೇ ಓದಿ ಹೇಳುತ್ತಾಳೆ.
ನಲವತ್ತು ವರ್ಷ ಊರಿಗೆ ಅಂಚೆ ಹಂಚಿದವಳು,
ಎಂಥ ಕೈಬರಹವೂ ಸಲೀಸು.
'ಏಪ್ರಿಲ್ ಹದಿನೇಳು. ಹುಡುಗ ನಿದ್ದೆ ಹೋದ.
ಹೂವೆಲ್ಲ ಕಪ್ಪಾಯಿತು. ಕೂಲಿಯಲ್ಲಿ ಆರು ಪೆನ್ಸ್ ಕಡಿತ.'
ಅಷ್ಟೆ. ಕೆಳಗೆ ಗೊಬ್ಬರದ ಗಾಡಿಗಳ ಲೆಕ್ಕ.

ಆಮೇಲೆ ಯುದ್ಧ, ಆಮೇಲೆ ತೆರಿಗೆ,
ಆಮೇಲೆ ಒಳಗೆ ಹಂದಿ ಸಾಕಿದರು, ಕ್ರಿಸ್‌ಮಸ್ ಮರ ಬೆಳೆದರು,
ಆಮೇಲೆ ಯಾರೂ ಏನೂ ಮಾಡಲಿಲ್ಲ.
ಉಳಿದದ್ದನ್ನು ಮುಳ್ಳುಬಳ್ಳಿ ಅಚ್ಚುಕಟ್ಟಾಗಿ ಮಾಡಿತು.

ಈಗ ಸಮಿತಿಯ ಬಳಿ ನಕ್ಷೆಯಿದೆ,
ಸಾವಿರದ ಎಂಟುನೂರ ಅರವತ್ತೆರಡರದು.
ಆ ವರ್ಷ ಇದ್ದದ್ದು ಇರಬೇಕು, ಇಲ್ಲದ್ದು ಹೋಗಬೇಕು.
ಪೀಚ್ ಪಾತಿಯ ನಟ್ಟನಡುವೆ ತಾನಾಗಿ ಹುಟ್ಟಿದ ರೋವನ್ ಮರ
ನಕ್ಷೆಯಲ್ಲಿಲ್ಲ.
ರೋವನ್ ಕಡಿದ ಮನೆಯಲ್ಲಿ ಹಾಲು ಒಡೆಯುತ್ತದೆ, ಎಂದಳು ಎಫಿ.
ನಿಮ್ಮಲ್ಲಿ ಹಸುವೇ ಇಲ್ಲವಲ್ಲ, ಎಂದರು ಅಧ್ಯಕ್ಷರು.
ಫ್ರಿಜ್ ಇದೆ, ಎಂದಳು.
ಗರಗಸ ಶೆಡ್ಡಿನಲ್ಲೇ ಉಳಿಯಿತು,
ಈ ವರ್ಷಕ್ಕೆ.

ನಾನು ಗಾರೆಯವನು, ನನಗೆ ಬಿರುಕಷ್ಟೇ ಕಾಣುತ್ತದೆ.
ಹೊಗೆ ಎಲ್ಲೆಲ್ಲಿ ಸೋರುತ್ತದೋ ನೋಡೋಣವೆಂದು
ಮಾರ್ಚಿನ ಒಂದು ಸಂಜೆ ಒಲೆ ಹಚ್ಚಿದೆವು.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಗೋಡೆ ಕೆಮ್ಮಿತು.
ಕೊಳವೆಯಿಂದ ಕಾಗೆಯೊಂದು ಬೈಯುತ್ತ ಹೊರಟುಹೋಯಿತು.
ಹನ್ನೊಂದು ಕಡೆ ಹೊಗೆ; ಹನ್ನೊಂದು ಕಡೆಯೂ
ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ರಾತ್ರಿ ಹತ್ತರ ಹೊತ್ತಿಗೆ ಇಟ್ಟಿಗೆ ಬಿಸಿಯಾಗಿತ್ತು,
ಜ್ವರ ಬಂದ ಮಗುವಿನ ಹಣೆಯಷ್ಟು.
ಇನ್ನೂ ಒಂದು ಪೀಚ್ ಗಿಡವನ್ನೂ ನೆಟ್ಟಿರಲಿಲ್ಲ.
ಎಲ್ಲರೂ ಮನೆಗೆ ಹೋದರು. ಎಫಿ ಮಾತ್ರ
ಬಡಗಣ ಬದಿಯ ಒಲೆಮನೆಗೆ ಕುರ್ಚಿ ಎಳೆದುಕೊಂಡಳು,
ಫ್ಲಾಸ್ಕಿನಲ್ಲಿ ಚಹಾ, ಮೊಣಕಾಲ ಮೇಲೆ ಕಂಬಳಿ,
ಕೈಗೆಟುಕುವಷ್ಟು ದೂರದಲ್ಲಿ ಸಲಿಕೆ.
ಇನ್ನೇನು ಕಾಯುವುದಿದೆ, ಎಂದೆ.

ನೀನು ಹೋಗು, ಎಂದಳು.
ಬಾಗಿಲು ಮೆಲ್ಲಗೆ ಹಾಕಿಕೋ.
ಹುಡುಗ ಮಲಗಿದ್ದಾನೆ.