ಕೂಡಿಸಿ ಬರೆದರೆ

ಸಂಜೆ ಏಳರ ಪಾಠ. ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು
ಮೂರು ಸಲ ಯೋಚಿಸಿ ಹತ್ತುತ್ತದೆ.
ಕರಿಹಲಗೆಯ ಮೇಲೆ ‘ಆಲ್ವೇಸ್’ ಎಂದು ಬರೆಯುತ್ತೇನೆ,
ಕೆಳಗೆ ‘ಫಾರೆವರ್’, ಅದರ ಕೆಳಗೆ ‘ಕಂಟಿನ್ಯುಯಲಿ’;
ಜಾಗ ಸಾಲದೆ ‘ಕಂಟಿನ್ಯುಯಸ್ಲಿ’ ಅಂಚಿನಲ್ಲಿ ಬಾಗಿ ನಿಲ್ಲುತ್ತದೆ,
ಹರಿಹರದ ಬಸ್ಸಿನ ಫುಟ್‌ಬೋರ್ಡಿಗೆ ಜೋತವನ ಹಾಗೆ.

ಹತ್ತನೆಯ ಕ್ಲಾಸಿನ ಇಂಗ್ಲಿಷಿನಲ್ಲಿ ಎರಡೆರಡು ಸಲ
ಡುಮ್ಕಿ ಹೊಡೆದವರು, ಒಟ್ಟು ಏಳು ಜನ:
ಕಾಜಾ ಹೊಲಿಯುವ ನಾಗವೇಣಿ,
ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಯ ಅಣ್ಣತಮ್ಮ,
ಹಿಂದಿನ ಬೆಂಚಿನಲ್ಲಿ, ಕೂದಲ ತುಂಬ ಹೊಟ್ಟು, ಅಂಗಿ ತುಂಬ ಹೊಗೆ,
ಮಂಡಕ್ಕಿ ಭಟ್ಟಿಯಿಂದ ನೇರ ಬಂದ ದಾದಾಪೀರ.

ಕೊನೇ ಎರಡಕ್ಕೆ ಏನು ಫರಕು ಮೇಡಂ?
ಒಂದು, ನಿಂತು ನಿಂತು ಮತ್ತೆ ಆಗುವುದು;
ಇನ್ನೊಂದು, ನಿಲ್ಲದೇ ಆಗುವುದು.
ಅವನು ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡ.
"ಹಂಗಾದ್ರೆ ಒಲೆ ಉರಿಯೋದು ಎರಡನೇದು,
ನಮ್ಮ ಅಮ್ಮಿ ಹುರಿಯೋದು ಮೊದಲನೇದು."
ಹದಿನೆಂಟು ವರ್ಷದಿಂದ ಕಲಿಸುತ್ತಿದ್ದೇನೆ.
ಯಾವ ಪುಸ್ತಕವೂ ನನಗಿದನ್ನು ಇಷ್ಟು ಬಿಸಿಯಾಗಿ ಹೇಳಿರಲಿಲ್ಲ.

ಕನ್ನಡದಲ್ಲಿ ಇಷ್ಟು ಪೇಚಾಟವಿಲ್ಲ.
ಒಂದನ್ನೇ ಎರಡು ಸಲ ಅಂದರೆ ಆಯಿತು:
ಪದೇ ಪದೇ, ಸುತ್ತಿ ಸುತ್ತಿ, ಹೇಳಿ ಹೇಳಿ.
ಪದವೇ ಎದ್ದು ಬಾಗಿಲತನಕ ಹೋಗಿ
ತಿರುಗಿ ಬಂದು ತನ್ನ ಪಕ್ಕದಲ್ಲೇ ಕೂರುತ್ತದೆ.
‘ಎಂದೆಂದಿಗೂ’ ಅಂತ ಮಾತ್ರ ಯಾರೂ ಮನೆಯಲ್ಲಿ ಆಡುವುದಿಲ್ಲ;
ಅದು ಪುಣ್ಯಸ್ಮರಣೆಯ ಜಾಹೀರಾತಿಗೆ, ಇಲೆಕ್ಷನ್ನಿಗೆ.

ನಿಯಮ ಬರೆದುಕೊಳ್ಳಿ.
‘ಆಲ್ವೇಸ್’ ಜೊತೆ ‘ಇಂಗ್’ ಬಂದರೆ ಸಾಮಾನ್ಯವಾಗಿ ಅದು ದೂರು.
ದಿನಾ ಎಂಟಕ್ಕೆ ಬರ್ತಾನೆ: ಸುದ್ದಿ.
ಯಾವಾಗ ನೋಡಿದ್ರೂ ಬರ್ತಾನೇ ಇರ್ತಾನೆ: ಗೊಣಗು.
‘ಫಾರೆವರ್’ ಇನ್ನೂ ಕಿಲಾಡಿ.
ಬಿಡಿಸಿ ಬರೆದರೆ ಕಾಲ ಮುಗಿಯುವ ತನಕ,
ಕೂಡಿಸಿ ಬರೆದರೆ ಬರೀ ಕಿರಿಕಿರಿ.
ಈಗ ಯಾರೂ ಅಷ್ಟು ನೋಡುವುದಿಲ್ಲ. ನಮ್ಮ ಮೇಷ್ಟ್ರು ನೋಡುತ್ತಿದ್ದರು.
ಅನಂತಕ್ಕೂ ಪಿರಿಪಿರಿಗೂ ನಡುವೆ
ಒಂದು ಕಡಲೆಬೇಳೆ ಹಿಡಿಸುವಷ್ಟು ಜಾಗ.

ಒಬ್ಬೊಬ್ಬರೂ ಒಂದು ದೂರು ಬರೆಯಿರಿ ಅಂದೆ.
ನಾಗವೇಣಿಯ ಅತ್ತೆ ಸದಾ ಫ್ರಿಜ್ಜಿಗೆ ಬೀಗ ಹಾಕುತ್ತಿರುತ್ತಾಳೆ.
ಅಣ್ಣ ತಮ್ಮನ ಮೇಲೆ, ತಮ್ಮ ಅಣ್ಣನ ಮೇಲೆ,
ಅದೇ ವಾಕ್ಯ, ಅದೇ ಸ್ಪೆಲ್ಲಿಂಗಿನ ತಪ್ಪು.
ದಾದಾಪೀರ: ನಮ್ಮ ಅಮ್ಮಿ ಯಾವಾಗಲೂ ಕೆಮ್ಮುತ್ತಿರುತ್ತಾಳೆ.
ಎಲ್ಲರೂ ನಕ್ಕರು, ಅವನೂ.
ಕೆಂಪಿನಲ್ಲಿ ಸರಿ ಗುರುತು ಹಾಕಿದೆ. ಹತ್ತಕ್ಕೆ ಹತ್ತು.

ನನ್ನ ಅಪ್ಪ ಕಾಟನ್ ಮಿಲ್ಲಿನಲ್ಲಿ ಸೈರನ್ ಊದಿಸುತ್ತಿದ್ದ.
ಮಿಲ್ಲು ಮುಚ್ಚಿ ಗೇಟಿಗೆ ಜಾಲಿ ಬೆಳೆದ ಮೇಲೂ
ಮಧ್ಯಾಹ್ನ ಮೂರೂವರೆಗೆ ವಾಚು ನೋಡಿ
ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ, ಒಂದು ನಿಮಿಷ.
ಅದಕ್ಕೆ ಯಾವ ಕ್ರಿಯಾವಿಶೇಷಣ ಹಾಕಬೇಕೋ
ನನಗೆ ಈಗಲೂ ಗೊತ್ತಿಲ್ಲ. ಯಾರೂ ಕೇಳಿಲ್ಲ, ಬಚಾವು.

ಆಮೇಲೆ ಎರಡು ವಾರ ದಾದಾಪೀರ ಬರಲಿಲ್ಲ.
ಬಂದವನು ನೋಟ್‌ಬುಕ್ಕಿನ ಹಳೆಯ ಪುಟವನ್ನೇ ತೆರೆದು ಕೊಟ್ಟ.
ಆ ವಾಕ್ಯದಲ್ಲಿ ‘ಈಸ್’ ಹೊಡೆದು ಹಾಕಿ
ಮೇಲೆ ಸಣ್ಣಕ್ಷರದಲ್ಲಿ ‘ವಾಸ್’ ಎಂದು ಬರೆದಿದ್ದ.
‘ಆಲ್ವೇಸ್’ ಹಾಗೇ ಇತ್ತು. ‘ಇಂಗ್’ ಹಾಗೇ ಇತ್ತು.
ನನ್ನ ಹತ್ತಕ್ಕೆ ಹತ್ತೂ ಹಾಗೇ ಇತ್ತು.
"ಸರಿ ಐತಾ ನೋಡ್ರಿ."

ವ್ಯಾಕರಣ ಸರಿ ಇತ್ತು.
ನಿಯಮದ ಪ್ರಕಾರ ಅದು ಈಗಲೂ ದೂರೇ;
ಯಾರ ಮೇಲೆ ಎಂದು ನಿಯಮ ಹೇಳುವುದಿಲ್ಲ.
ಕೆಂಪು ಪೆನ್ನು ತೆರೆದೆ. ಮುಚ್ಚಳ ಹಾಕಿದೆ.

ಭಟ್ಟಿ ಹತ್ರ ಈಗ ಯಾರಿರ್ತಾರೆ, ಅಂತ ಕೇಳಿದೆ,
ಏನಾದರೂ ಕೇಳಬೇಕಲ್ಲ ಅಂತ.
"ಮೊದಲನೇದು ಈಗ ನಾನೇ ಮಾಡ್ತೀನ್ರಿ" ಅಂದ,
"ಎರಡನೇದು ಆರಂಗಿಲ್ಲವಲ್ಲ."