ಊದಬಾರದು

ಬೋರ್ಡು ಬರೆಸಿದ್ದು ತೊಂಬತ್ತಾರರಲ್ಲಿ,
ಕಾರವಾರ ಬಸ್‌ಸ್ಟ್ಯಾಂಡಿನ ಹಿಂದೆ
ಹತ್ತು ನಿಮಿಷದ ಆಟಕ್ಕೆ ಎರಡು ರೂಪಾಯಿ ಇದ್ದಾಗ:
ಕ್ಯಾಸೆಟ್ಟಿಗೆ ಊದಬಾರದು.
ಯಾರು ಕೇಳಿದರು?
ಪರದೆ ಬಿಳುಚಿದರೆ ಸಾಕು, ಕಿತ್ತು,
ಮೌತಾರ್ಗನ್ನಿನ ಹಾಗೆ ತುಟಿಗೆ ಹಿಡಿದು
ಉಫ್.
ಅವರ ಉಸಿರು, ಈ ಊರಿನ ಗಾಳಿ, ಎರಡರಲ್ಲೂ ಉಪ್ಪು.
ತಾಮ್ರದ ಹಲ್ಲುಗಳಿಗೆ ಹಸಿರು ಹಿಡಿಯಿತು.

ಟಿವಿಗಳು ಹೋದವು. ಬೋರ್ಡು ಉಳಿದಿದೆ.
ಈಗ ರಿಪೇರಿ ಮಾತ್ರ. ಸ್ಪಿರಿಟ್ಟು, ಹತ್ತಿ,
ಶಾಲೆಮಕ್ಕಳ ಬಿಳಿ ರಬ್ಬರು.
ಬರುವವರೇ ಕಡಿಮೆ; ಬಂದವರಲ್ಲೂ
ಒಬ್ಬರ ದಾರಿ ಇನ್ನೊಬ್ಬರಿಗೆ ಹುಚ್ಚು.

ಕೋಡಿಬಾಗದ ಇನಾಸ್ ತೆರೆಯುವುದೇ ಇಲ್ಲ.
ಹಡಗಿನಲ್ಲಿ ಅಡುಗೆಗಿದ್ದ ಅಣ್ಣ ಶಾರ್ಜಾದಿಂದ ತಂದ ಡಬ್ಬಿಗಳು,
ಮೇಲಿನ ಪ್ಲಾಸ್ಟಿಕ್ಕೂ ಹರಿದಿಲ್ಲ.
ತೇವ ತಾಗದಂತೆ ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಿದ್ದಾನೆ.
ಅನ್ನ ಬಡಿಸುತ್ತ ಹೆಂಡತಿ ಕೇಳುತ್ತಾಳಂತೆ:
ಇವತ್ತಿನದು ಯಾವ ಆಟದ ಪಕ್ಕದ ಅಕ್ಕಿ, ಗೊತ್ತುಂಟೋ?
ಒಳಗೆ ಆಟ ಇದೆಯೋ ಕಲ್ಲಿದೆಯೋ, ನಾನೂ ಕೇಳಿದ್ದೆ.
"ಇದೆ ಅಂತ ನಂಬಿಕೆ," ಅಂದ, ಎದೆ ಮುಟ್ಟಿಕೊಂಡು.
ನನ್ನಲ್ಲಿ ಅವನಿಗೆ ಕೆಲಸವಿಲ್ಲ.
ಬಂದು ಕೂತು, ಬೇರೆಯವರ ಬಿಚ್ಚಿದ ಕ್ಯಾಸೆಟ್ಟು ನೋಡಿ
ಚ್ ಚ್ ಅನ್ನುತ್ತಾನೆ.

ಸುಭಾಸ ಶೇಟ್ ಉಲ್ಟಾ.
ಮೊದಲು ಸ್ಕ್ರೂ ಬಿಚ್ಚುವುದು, ಬೆಲೆ ಆಮೇಲೆ.
ಬಂಗಾರ ನೋಡುವ ಮಸೂರ ಕಣ್ಣಿಗೇರಿಸಿ
ಒಳಗೆ ಕರಿ ಡಾಂಬರಿನ ಬೊಟ್ಟು ಕಂಡರೆ
ನಕಲಿ, ಎಂದು ಬದಿಗೆ ಸರಿಸುತ್ತಾನೆ.
ನಾವೆಲ್ಲ ಆಡಿ ಬೆಳೆದದ್ದು ಆ ಡಾಂಬರನ್ನೇ.

ತಾಂಡೇಲರ ಪ್ರಾಜಕ್ತಾಳಿಗೆ ಲೇಬಲ್ಲೂ ಬೇಡ, ಡಬ್ಬಿಯೂ ಬೇಡ.
ಬೈತಕೋಲದ ಧಕ್ಕೆಯಿಂದ ಮೀನಿನ ಕೈಯಲ್ಲೇ ಬಂದು
"ಓಡುತ್ತದಾ?" ಅಷ್ಟೇ.
ಬೋಟು ದಡಕ್ಕೆ ಬಿದ್ದಿರುವ ಮಳೆಗಾಲದ ಎರಡು ತಿಂಗಳು
ಓಡಿಸಿ ಓಡಿಸಿ ಸವೆಸಿ,
ಸತ್ತಮೇಲೆ, ಬಾಗಿಲು ಬಡಿಯದಂತೆ
ಸಂದಿಗೆ ಸಿಕ್ಕಿಸುತ್ತಾಳೆ.

ಇನ್ನು ಗುಣಾಜಿ.
ಅವನದನ್ನು ಸಂಗ್ರಹ ಅನ್ನಬೇಕೋ ಬೇಡವೋ.
ಹಳದಿ ಕ್ಯಾಸೆಟ್ಟು, ಟ್ಯಾಂಕಿನ ಚಿತ್ರ.
ಹನ್ನೊಂದಿವೆ ಅವನಲ್ಲಿ. ಹನ್ನೊಂದೂ ಅದೇ ಆಟ.
ನೌಕಾನೆಲೆಗೆಂದು ಅರಗಾದ ಮನೆ ಖಾಲಿ ಮಾಡಿದ ದಿನ
ಹನ್ನೆರಡು ವರ್ಷದ ಹುಡುಗ.
ಪಾತ್ರೆ, ದೇವರು, ಮಾಡಿನ ಹೆಂಚು ಸಹ ಲಾರಿ ಹತ್ತಿದವು.
ಗೋಡೆಯ ಗೂಡಿನಲ್ಲಿ ಅದೊಂದು ಉಳಿಯಿತು,
ಬೆನ್ನ ಮೇಲೆ ಮೊಳೆಯಲ್ಲಿ ಗೀಚಿದ್ದ
ಗು.
ಬೇಲಿಯಾಚೆ ಈಗ ಗೂಡೂ ಇಲ್ಲ, ಗೋಡೆಯೂ ಇಲ್ಲ,
ಅವನಿಗೂ ಗೊತ್ತು. ಆದರೂ
ಮಡಗಾಂವಿನ ಗುಜರಿಯಲ್ಲಿ, ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ
ಹಳದಿ ಕಂಡರೆ ತರುತ್ತಾನೆ.
ಆಡಿ ನೋಡು ಅನ್ನುವುದಿಲ್ಲ.
ನನ್ನ ದೀಪದ ಕೆಳಗೆ ಬೋರಲು ಹಾಕಿ
ಹೆಬ್ಬೆರಳಿನಿಂದ ಬೆನ್ನು ಸವರುತ್ತಾನೆ.
ನುಣುಪು. ಪ್ರತಿಸಲ ನುಣುಪು.

ನಿನ್ನೆ ತಂದ ಹನ್ನೆರಡನೆಯದರಲ್ಲಿ ಗೀಚಿತ್ತು.
ಬೆರಳು ನಿಂತಿತು. ನನ್ನ ಕೈಯ ಹತ್ತಿಯೂ.
ಕೊಳೆ ಒರೆಸಿದೆ, ನಿಧಾನ, ಒಂದೊಂದೇ ಗೆರೆ:
ಗು ಅಲ್ಲ.
ಮ. ಪಕ್ಕದಲ್ಲೊಂದು ಮೀನು, ಬಾಲ ಬರೆಯುವಷ್ಟರಲ್ಲಿ
ಯಾರೋ ಕರೆದಂತೆ ಅರ್ಧಕ್ಕೆ ಬಿಟ್ಟದ್ದು.
ಶೇಟ್ ಅಲ್ಲೇ ಇದ್ದ. ನಕಲಿ ಅನ್ನಲಿಲ್ಲ.

ಗುಣಾಜಿ ಬಹಳ ಹೊತ್ತು ನೋಡಿದ.
"ಇವನೂ ಎಲ್ಲೋ ಹುಡುಕುತ್ತಿರಬೇಕು," ಅಂದ.
"ಇವನದು ನನಗೆ ಸಿಕ್ಕಿತಲ್ಲ ಅಕ್ಕಾ, ಹಾಗಾದರೆ"
ಅಂದವನು ಮುಗಿಸಲಿಲ್ಲ.

ಮೊದಲ ಸಲ ಕೇಳಿದ, ಓಡುತ್ತದಾ.
ಹಾಕಿದೆ. ಪರದೆ ಬಿಳಿ.
ತೆಗೆದು ಅವನ ಕೈಗಿಟ್ಟೆ.
ಬೋರ್ಡಿನ ಕೆಳಗೇ ನಿಂತು ತುಟಿಗೆ ಹಿಡಿದ.
ನಾನು ಸ್ಪಿರಿಟ್ ಬಾಟಲಿಯ ಮುಚ್ಚಳ ಹುಡುಕುವವಳಂತೆ
ಮೇಜಿನಡಿಗೆ ಬಗ್ಗಿದೆ.