ಏಳು ನಿಮಿಷ ನಲವತ್ತು ಸೆಕೆಂಡು

ವಿಡಿಯೊ ಮಾಡಿದವನು ಯಾರೋ ನನಗೆ ಗೊತ್ತಿಲ್ಲ.
ಅವನಿಗೆ ಶೀತವಾಗಿತ್ತು, ಅಷ್ಟು ಗೊತ್ತು:
ಮೂಗು ಸೊರ್ ಎಂದಾಗಲೆಲ್ಲ
ಇಡೀ ಅಖಾಡ ಒಂದು ಗೇಣು ಮೇಲೆದ್ದು ಕೂರುತ್ತದೆ.

ಬೂಸಾನಿನ ಪ್ರದರ್ಶನ ಮಂದಿರ, ನವೆಂಬರ್, ಮೂರನೆಯ ದಿನ.
ಇನ್ನೂ ಅಂಗಡಿಗೆ ಬಾರದ ಕಾಳಗದಾಟ,
ಅದನ್ನು ಮುಟ್ಟಲು ಎರಡೂವರೆ ತಾಸಿನ ಸಾಲು.
ಸಾಲಿನಲ್ಲಿ ನನ್ನ ಚಿಕ್ಕಮ್ಮ ಬೊಂಗ್ಸುಕ್,
ಜಗಲ್ಚಿ ಮೀನುಪೇಟೆಯಿಂದ ರಬ್ಬರ್ ಬೂಟು ಕಳಚದೆಯೇ ಬಂದವಳು,
ನನ್ನ ಜಾಗ ಕಾಯಲು.
ನಾನು ಕಡ್ಡಿಗೆ ಚುಚ್ಚಿದ ಮೀನುವಡೆ ತರಲು ಹೋಗಿದ್ದೆ.

ಎರಡನೇ ನಿಮಿಷಕ್ಕೆ ಹಳದಿ ಜಾಕೆಟ್ಟಿನ ಹುಡುಗಿ
"ಕೂರ್ತೀರಾ, ಬಿಡ್ತೀರಾ?" ಅನ್ನುವುದು ಕೇಳಿಸುತ್ತದೆ.
ಚಿಕ್ಕಮ್ಮ ಅತ್ತಿತ್ತ ನೋಡುತ್ತಾಳೆ.
ಆಮೇಲೆ ಕೈಗವಸು ಕಳಚಿ, ಕಂಕುಳಲ್ಲಿ ಸಿಕ್ಕಿಸಿ
ಕೂರುತ್ತಾಳೆ.

ಪಕ್ಕದಲ್ಲಿ ದೇಗುವಿನಿಂದ ಬಂದ ಹೈದ,
ಬೆನ್ನ ಮೇಲೆ ತಂಡದ ಹೆಸರು, ಚೀಲದಲ್ಲಿ ಸ್ವಂತ ಸ್ಟಿಕ್.
ಅವನು ಆರಿಸಿದ್ದು ಬೆಟ್ಟದಂಥ ಕಟುಕನನ್ನು.
ಇವಳು ಕೊಡೆ ಹಿಡಿದ ಮುದುಕನನ್ನು,
ಬೆಳಗಿನಿಂದ ಯಾರೂ ಮೂಸದ ಮುದುಕನನ್ನು.
ಸಾಲಿನಲ್ಲೊಬ್ಬ ಕಿಸಕ್ಕೆಂದದ್ದೂ ದಾಖಲಾಗಿದೆ.

ಮೊದಲ ಸುತ್ತು ಹನ್ನೊಂದು ಸೆಕೆಂಡು.
ಮುದುಕ ಒಂದು ಕಡೆ ಬಿದ್ದ, ಕೊಡೆ ಒಂದು ಕಡೆ.

ಶೀತದವನಿಗೆ ಬೇಸರವಾಗಿರಬೇಕು.
ಕ್ಯಾಮೆರಾ ಪರದೆಯಿಂದ ಜಾರಿ
ಚಾವಣಿಯ ದೀಪ, ಯಾರದೋ ಜಡೆ, ನೆಲದ ನೀಲಿ ಟೇಪು,
ಎಲ್ಲ ಸುತ್ತಿ ಬಂದು
ಅವಳ ಕೈಯ ಮೇಲೆ ನಿಂತಿತು.

ಆ ಕೈ ನನಗೆ ಗೊತ್ತು ಅಂದುಕೊಂಡಿದ್ದೆ.
ಹಾವುಮೀನಿನ ತಲೆ ಮೊಳೆಗೆ ಸಿಕ್ಕಿಸಿ
ಒಂದೇ ಎಳೆತಕ್ಕೆ ಚರ್ಮ ಸುಲಿಯುವ ಕೈ;
ಉಪ್ಪುನೀರಿಗೆ ಬಿರಿದ, ಪಟ್ಟಿ ತಪ್ಪದ ಹೆಬ್ಬೆರಳು.
ಆದರೆ ಸ್ಟಿಕ್ಕಿನ ಗುಂಡನ್ನು ಅವಳು
ಕೆಳಗಿನಿಂದ, ಎರಡು ಬೆರಳ ಸಂದಿಯಲ್ಲಿ,
ಎಳೆಗೂಸಿನ ಗದ್ದ ಹಿಡಿದಂತೆ ಹಿಡಿದಿದ್ದಳು.
ಹಾಗೆ ಹಿಡಿಯುವುದು ಒಂದು ದಿನದಲ್ಲಿ ಬರುವುದಿಲ್ಲ.
ದೇಗುವಿನ ಹೈದನೂ ನೋಡಿದ.
ಬೆನ್ನು ನೆಟ್ಟಗೆ ಮಾಡಿ ಕೂತ.

ಎರಡನೇ ಸುತ್ತು. ಮುದುಕ ಹೊಡೆಯುವುದೇ ಇಲ್ಲ.
ಹಿಂದೆ, ಹಿಂದೆ. ಕೊಡೆ ಬಿಚ್ಚು, ಮುಚ್ಚು.
ಕಟುಕ ಬೀಸಿದ್ದೆಲ್ಲ ಗಾಳಿಗೆ.
ಗಿರಾಕಿ ಚೌಕಾಸಿ ಮಾಡಿ ಮಾಡಿ ದಣಿಯುವ ತನಕ
ಮೀನು ತೊಳೆಯುತ್ತ ಸುಮ್ಮನಿರುತ್ತಾಳಲ್ಲ, ಹಾಗೆ.
ಆಮೇಲೆ ಕೊಡೆಯ ಮೊನೆ, ಮೊಣಕಾಲಿಗೆ.
ಮತ್ತೆ ಮೊಣಕಾಲಿಗೆ.
ಮತ್ತೆ ಅಲ್ಲಿಗೇ.

ಮೂರನೆಯದರಲ್ಲಿ ಇಬ್ಬರಿಗೂ ಉಳಿದದ್ದು ಒಂದೊಂದು ಎಳೆ ಜೀವ.
ಕಿಸಕ್ಕೆಂದವನ ಸದ್ದಿಲ್ಲ.
ಶೀತದವನು ಉಸಿರು ಬಿಗಿಹಿಡಿದಿದ್ದಾನೆ,
ಚಿತ್ರ ಇದೇ ಮೊದಲ ಸಲ ಅಲುಗದೆ ನಿಂತಿದೆ.
ಕಟುಕ ಕೈ ಎತ್ತಿದ.
ಮುದುಕ ಕೊಡೆ ಮಡಿಚಿದ.

ಆಗ ಪರದೆಗೂ ಕ್ಯಾಮೆರಾಗೂ ನಡುವೆ
ಒಂದು ಮುಖ.
ಎರಡೂ ಕೈಯಲ್ಲಿ ಕಡ್ಡಿ, ಲೋಟ, ಬಾಯಿ ತುಂಬ ವಡೆ,
ಆಟಕ್ಕೆ ಬೆನ್ನು ಹಾಕಿ, ಸಾಲಿನತ್ತ ಕತ್ತುದ್ದ ಮಾಡಿ
ಯಾರನ್ನೋ ಹುಡುಕುತ್ತಿರುವ ಪೆಕರ.
ನಾನು.

ನನ್ನ ಕಿವಿಯ ಹಿಂದೆ ಒಂದು ಕೆಂಪು ಹೊತ್ತಿ ಆರುತ್ತದೆ.
ನೂರು ಗಂಟಲು ಒಮ್ಮೆಗೇ ಒಡೆಯುತ್ತವೆ.
ನಾನು ಬೆಚ್ಚುತ್ತೇನೆ, ಸಾರು ಚೆಲ್ಲುತ್ತದೆ,
ಅಂತೂ ಪಕ್ಕಕ್ಕೆ ಸರಿಯುವಷ್ಟರಲ್ಲಿ
ಪರದೆಯ ಮೇಲೆ ಆಟದ ಹೆಸರು, ಬಿಡುಗಡೆಯ ತಿಂಗಳು.
ಶೀತದವನು ನನ್ನನ್ನು ಬೈದದ್ದು ಸ್ಪಷ್ಟವಾಗಿ ಕೇಳುತ್ತದೆ.
ಸರಿಯಾಗಿಯೇ ಬೈದಿದ್ದಾನೆ.

ರಾತ್ರಿಯೆಲ್ಲ ತಡೆದು ತಡೆದು ನೋಡಿದೆ.
ಕನ್ನಡಕದ ಗಾಜಿನಲ್ಲಾದರೂ ಬಿದ್ದಿದೆಯೇ ಆ ಹೊಡೆತ ಎಂದು
ನನ್ನದೇ ಮುಖವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಗಾಜಿನಲ್ಲಿರುವುದು ಸಾಲು. ಬರಿಯ ಸಾಲು.

"ಗೆದ್ದೆಯಾ?" ಎಂದು ಕೇಳಿದೆ.
ಬಟ್ಟಲಿನ ಅನ್ನಕ್ಕೆ ನೀರು ಹೊಯ್ದುಕೊಳ್ಳುತ್ತ
"ಸಾರು ಚೆಲ್ಲಿಕೊಂಡೆಯಲ್ಲ ಉರಮ್, ಕೈ ಸುಟ್ಟಿತಾ?" ಅಂದಳು.
ಮೂರಕ್ಕೆ ದೋಣಿ ಬರುತ್ತದೆ, ಮಲಗು ಅಂದಳು.

ದೀಪ ಆರಿಸಿ ಬಹಳ ಹೊತ್ತಿನ ಮೇಲೆ
ತೆಳುಗೋಡೆಯ ಆಚೆಯಿಂದ, ನನಗೆಂದಲ್ಲ,
"ಆ ಹುಡುಗ ಮೊಣಕಾಲು ಕಾಯುವುದನ್ನು ಕಲಿಯಬೇಕು."